ಕೊನೆಯ ನೀರು

ಕೆಂಪು ದಾರದ ಚಾದರಗಳನ್ನು ಕೊನೆಗೆ ಒಗೆಯಬೇಕು. ಮೊದಲು ಮುಂದಿನ ಸಾಲಿನವು. ಅವಕ್ಕೆ ಮೆಷಿನ್ನು, ಬಿಸಿನೀರು, ಹೊಸ ಸೋಪಿನ ಪುಡಿ. ಮೆಷಿನ್ನು ಹೊರಗೆ ಬಿಟ್ಟ ನೀರು ಕೊಳವೆಯಲ್ಲಿ ಹರಿದು ಬಂದು ಸಿಮೆಂಟಿನ ತೊಟ್ಟಿಗೆ ಬೀಳುತ್ತದೆ. ಬೀಳುವ ಹೊತ್ತಿಗೆ ಅದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಮೇಲೆ ಕೂದಲು ತೇಲುತ್ತಿರುತ್ತದೆ. ಆ ನೀರಿನಲ್ಲಿ ಹಿಂದಿನ ಸಾಲಿನ ಚಾದರಗಳನ್ನು ಕೈಯಲ್ಲಿ ಒಗೆಯಬೇಕು.

ಯಾವುದು ಹಿಂದಿನ ಸಾಲಿನದು ಎಂದು ತಿಳಿಯಲು ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ. ಹೊಲಿಯುವವಳು ಅವಳೇ. ಒಗೆಯುವವಳೂ ಅವಳೇ. ಆ ನರ್ಸಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಹಿಂದಿನ ಸಾಲಿನ ಕೋಣೆಯೊಂದರಲ್ಲಿ, ಅಂಥದೇ ಒಂದು ಚಾದರದ ಮೇಲೆ ಅವಳ ಮಗಳು ಮಲಗುತ್ತಿದ್ದಳು.

ಹಿಂದಿನ ಸಾಲು ಎಂದರೆ ಜನರೇಟರಿನ ಪಕ್ಕದ ಕೋಣೆಗಳು. ಸರ್ಕಾರದ ಸಹಾಯಧನದಲ್ಲಿ ಓದುವ ಹುಡುಗಿಯರಿಗೆ ಅವು. ಎಲ್ಲರೂ ಕೆಳಬೀದಿಯವರು, ಇಲ್ಲವೇ ಕೆಳಬೀದಿಯಂಥ ಇನ್ನೊಂದು ಬೀದಿಯವರು. ಫೀಸು ಕಟ್ಟಿ ಓದುವವರು ಮುಂದಿನ ಸಾಲಿನಲ್ಲಿ. ಹಿಂದೆ ಯಾವಾಗಲೋ ಮುಂದಿನ ಸಾಲಿನ ಹುಡುಗಿಯೊಬ್ಬಳ ತಾಯಿ ಬಂದು ಆಫೀಸಿನಲ್ಲಿ ಕೂತು ಹೇಳಿದ್ದಳಂತೆ: "ಅವರೂ ಓದ್ಲಿ, ಬೇಡ ಅನ್ನಲ್ಲ. ಆದ್ರೆ ಅವರು ಮೈಗೆ ಹೊದ್ದಿದ್ದನ್ನೂ ನಮ್ಮ ಮಕ್ಕಳದ್ದನ್ನೂ ಒಂದೇ ನೀರಲ್ಲಿ ಅದ್ದಬೇಡಿ." ಯಾರೂ ಅವಳಿಗೆ ಎದ್ದು ಹೋಗಿ ಎನ್ನಲಿಲ್ಲ. ಕಾಫಿ ತರಿಸಿ ಕೊಟ್ಟರು. ಮಾರನೆಯ ದಿನ ಒಗೆಯುವ ಮನೆಗೆ ಕೆಂಪು ದಾರದ ಉಂಡೆ ಬಂತು.

ಒಗೆಯುವ ಮನೆಯಲ್ಲಿ ಕಿಟಕಿ ಇಲ್ಲ. ಹಬೆ ಹೊರಹೋಗಲು ಗೋಡೆಯಲ್ಲಿ ಒಂದು ತೂತು. ಒಗೆಯುವ ಸೋಡಾ ಬೆರಳ ಸಂದಿಗಳನ್ನು ತಿನ್ನುತ್ತದೆ. ಉಗುರಿನ ಸುತ್ತ ಚರ್ಮ ಬೆಂದು ಬಿಳಿಚುತ್ತದೆ. ಒದ್ದೆ ಚಾದರವನ್ನು ಒಬ್ಬಳೇ ಹಿಂಡಲಾಗದು. ಒಂದು ತುದಿ ಇವಳು, ಇನ್ನೊಂದು ತುದಿ ಜೊತೆಯಲ್ಲಿ ಒಗೆಯುವ ಕುಳ್ಳಿ. ಎದುರುಬದುರು ನಿಂತು ಹಗ್ಗದ ಹಾಗೆ ತಿರುಚಬೇಕು. ಸೊಂಟ ಹಿಡಿದುಕೊಳ್ಳುತ್ತದೆ. ಮುಟ್ಟಿನ ದಿನಗಳಲ್ಲಿ ತೊಡೆ ನಡುಗುತ್ತದೆ. ಹೇಳಿಕೊಳ್ಳುವ ಹಾಗಿಲ್ಲ.

ಕುಳ್ಳಿ ಬಾಯಿಬಡುಕಿ. "ಅಕ್ಕಾ, ಇದು ವಾರ್ಡನ್ನಮ್ಮನ ಕತ್ತು ಅಂದ್ಕೊಂಡು ತಿರುಚು. ನೋಡು, ಒಂದು ಹನಿ ಉಳಿಯಲ್ಲ!"

"ಮೆಲ್ಲಗೆ ಮಾತಾಡೇ. ಕೇಳಿಸ್ಕೊಂಡಾಳು."

"ಕೇಳಿಸ್ಕೊಳ್ಳಲಿ ಬಿಡು. ನನ್ನ ಬಿಡಿಸಿದ್ರೆ ಈ ಕೊಚ್ಚೆಗೆ ಕೈ ಹಾಕೋಳು ಇನ್ನೊಬ್ಬಳು ಎಲ್ಲಿ ಸಿಗ್ತಾಳೆ? ಅವಳೇ ಬಂದು ಇಳಿಯಬೇಕು, ಕನ್ನಡಕ ತೆಗೆದಿಟ್ಟು."

ಇಸ್ತ್ರಿಯಕ್ಕ ನಗುತ್ತಿರಲಿಲ್ಲ. ಮಗಳಿಗೆ ಇದು ಕೊನೆಯ ವರ್ಷ. ಅವಳು ನರ್ಸಾಗಿ ಗೇಟು ದಾಟುವವರೆಗೆ ಬಾಯಿ ಹೊಲಿದುಕೊಂಡಿರಬೇಕು. ಆಮೇಲೆ ಬೇಕಾದರೆ ನಗಬಹುದು. ಗಂಡ ಲಾರಿಯ ಕೆಲಸಕ್ಕೆ ಹೋದವನು ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡಿದ್ದ. ಅವಳಿಗಿದ್ದದ್ದು ಮಗಳೊಬ್ಬಳೇ. ಆ ಮಗಳನ್ನೂ ಹಾಸ್ಟೆಲಿನಲ್ಲಿ ಮಗಳೇ ಎನ್ನುವಂತಿರಲಿಲ್ಲ. "ಇಲ್ಲಿ ಅಮ್ಮ-ಮಗಳು ಅಂತ ಸಲಿಗೆ ಬೇಡ" ಎಂದು ವಾರ್ಡನ್ನಮ್ಮ ಮೊದಲ ದಿನವೇ ಹೇಳಿದ್ದರು. ಮಗಳು ಬಾಗಿಲಲ್ಲಿ ನಿಂತು ಮಾಸಿದ ಚಾದರ ಚಾಚುತ್ತಿದ್ದಳು. ಇವಳು ತೆಗೆದುಕೊಳ್ಳುತ್ತಿದ್ದಳು. ಬಟ್ಟೆಯ ಅಡಿಯಲ್ಲಿ ಬೆರಳಿಗೆ ಬೆರಳು ತಾಕುತ್ತಿತ್ತು. ವಾರವಿಡೀ ಅಷ್ಟೇ.

ಸರ್ಕಾರದ ತಪಾಸಣೆ ಬರುತ್ತದೆಂದು ಗೊತ್ತಾದದ್ದು ಸುಣ್ಣ ಬಳಿಯುವವರು ಬಂದಾಗ. ಹಿಂದಿನ ಸಾಲಿನ ಬಾಗಿಲುಗಳಿಗೆ ಬಣ್ಣ ಬಂತು. ಊಟದ ಕೋಣೆಯಲ್ಲಿ ಎರಡು ಸಾಲಿನ ಹುಡುಗಿಯರನ್ನೂ ಬೆರೆಸಿ ಕೂರಿಸುವುದನ್ನು ರೂಢಿ ಮಾಡಿಸಿದರು. ಪ್ರಿನ್ಸಿಪಾಲರು ಹಿಂದಿನ ಸಾಲಿನವರನ್ನೂ ಕೆಲಸದವರನ್ನೂ ಒಟ್ಟಿಗೆ ಕರೆದು ಮಾತಾಡಿದರು. ಮೃದುವಾದ ದನಿ. ಸಿಟ್ಟಾಗುವ ಮನುಷ್ಯರೇ ಅಲ್ಲ.

"ಸರ್ಕಾರ ಹೊಸ ಷರತ್ತು ಹಾಕಿದೆ. ಸಹಾಯಧನದ ಮಕ್ಕಳನ್ನು ಬೇರೆ ಥರ ನಡೆಸಿಕೊಳ್ಳೋ ಕಾಲೇಜಿಗೆ ಇನ್ನು ಸಹಾಯಧನ ಇಲ್ಲ. ಒಳ್ಳೇ ಷರತ್ತೇ. ನಾವು ಯಾವತ್ತು ಬೇರೆ ಥರ ನೋಡಿದ್ದೀವಿ, ಹೇಳಿ?"

ಕುಳ್ಳಿ ಸೋಡಾ ತಿಂದ ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಆದ್ರೂ ಒಂದು ಮಾತು ತಲೇಲಿರಲಿ. ನಿಮ್ಮಲ್ಲಿ ಯಾರಾದ್ರೂ ಏನಾದ್ರೂ ಅಂದ್ರೆ, ನಿಲ್ಲೋದು ನನ್ನ ಸಂಬಳ ಅಲ್ಲ. ನಿಮ್ಮ ಓದು. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಗೋಡೆಗೆ ಒತ್ತಿ ನಿಂತಿದ್ದ ಇಸ್ತ್ರಿಯಕ್ಕ ಮಗಳ ಬೆನ್ನನ್ನು ನೋಡಿದಳು. ಬೆನ್ನು ಸೆಟೆದುಕೊಂಡಿತ್ತು. ಆ ಬೆನ್ನು ಅವಳಿಗೆ ಗೊತ್ತು. ಹಟ ಹಿಡಿಯುವ ಮುಂಚೆ ಚಿಕ್ಕಂದಿನಲ್ಲೂ ಹಾಗೆಯೇ ಸೆಟೆಯುತ್ತಿತ್ತು.

ಭಾನುವಾರ ಮಗಳು ಮನೆಗೆ ಬಂದಳು. ತಾಯಿ ಅನ್ನ ಬಡಿಸಿ ಎದುರು ಕೂತಳು.

"ಪುಟ್ಟೀ, ಅವರು ಬಂದು ಕೇಳಿದ್ರೆ ಎಲ್ಲ ಚೆನ್ನಾಗಿದೆ ಅನ್ನು."

"ಚೆನ್ನಾಗಿಲ್ವಲ್ಲ."

"ಇಲ್ಲ. ಆದ್ರೂ ಅನ್ನು."

"ಅಮ್ಮಾ, ಚರ್ಮ ಕೆರೆತ ಬಂದು ಆ ಹುಡುಗಿ ಮನೆಗೆ ಹೋದ್ಲಲ್ಲ, ಆ ಕೊನೇ ರೂಮಿನೋಳು. ಸೋಂಕು ಹೇಗೆ ಹರಡುತ್ತೆ ಅಂತ ಕ್ಲಾಸಲ್ಲಿ ಪಾಠ ಮಾಡ್ತಾರೆ. ಕೊಳಕು ನೀರು, ಕೊಳಕು ಬಟ್ಟೆ ಅಂತ ಬೋರ್ಡಿನ ಮೇಲೆ ಬರೀತಾರೆ. ನಾನು ಅದನ್ನ ಬರ್ಕೊಂಡು ಬಂದು ಆ ಚಾದರದ ಮೇಲೇ ಕೂತು ಓದ್ತೀನಿ."

"ಇನ್ನು ಕೆಲವೇ ತಿಂಗಳು ಕಣೇ. ನಿನ್ನ ಕಾಲಿಗೆ ಬೀಳ್ತೀನಿ."

"ಕಾಲಿಗೆ ಯಾಕೆ ಬೀಳ್ತೀಯ!" ಮಗಳು ತಟ್ಟೆ ಸರಿಸಿದಳು. ಆಮೇಲೆ ಬೇರೇನೋ ಹೇಳಿದಳು. "ನನ್ನ ಚಾದರ ಯಾವುದು ಅಂತ ನಂಗೆ ಗೊತ್ತಾಗುತ್ತೆ. ಬೇರೆಯವರದ್ದಕ್ಕೆ ದಪ್ಪ ಹೊಲಿಗೆ. ನಂದಕ್ಕೆ ಸಣ್ಣದು."

ತಾಯಿ ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ತಳ್ಳಿದಳು. ಅದು ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದಳು. ಮಗಳಿಗೆ ಕೊಡಲು ಆ ಒಗೆಯುವ ಮನೆಯಲ್ಲಿ ಅವಳ ಹತ್ತಿರ ಬೇರೇನಿತ್ತು? ಗುರುತನ್ನು ತೆಗೆಯಲಾಗದವಳು ಗುರುತನ್ನು ಸಣ್ಣದು ಮಾಡಿದ್ದಳು.

ಹೊರಡುವಾಗ ಮಗಳು ಚೀಲ ಹೆಗಲಿಗೆ ಹಾಕಿಕೊಂಡು, ಮುಖ ನೋಡದೆ ಅಂದಳು: "ಸರಿ. ನೀನು ಹೇಳಿದ ಹಾಗೇ ಹೇಳ್ತೀನಿ."

ತಪಾಸಣೆಯ ಹಿಂದಿನ ದಿನ ಹಿಂದಿನ ಸಾಲಿಗೆ ಹೊಸ ಚಾದರಗಳು ಬಂದವು. ಅಂಗಡಿಯ ಗಂಜಿ ವಾಸನೆ ಇನ್ನೂ ಹೋಗಿರಲಿಲ್ಲ. ವಾರ್ಡನ್ನಮ್ಮ ಕಟ್ಟನ್ನು ಮೇಜಿನ ಮೇಲೆ ಹಾಕಿಸಿ, "ಬೆಳಿಗ್ಗೆ ಹಾಸಬೇಕು. ರೆಡಿ ಮಾಡಿಡು" ಎಂದು ಹೋದರು. ಒಗೆಯುವ ಮನೆಯಲ್ಲಿ ಚಾದರ ರೆಡಿ ಮಾಡುವುದು ಎಂದರೆ ಒಂದೇ ಅರ್ಥ. ನೆನೆಸಿ ಗಂಜಿ ತೆಗೆ, ಹಿಂಡು, ಒಣಗಿಸು, ಇಸ್ತ್ರಿ ಮಾಡು, ಗುರುತು ಹಾಕು, ಮಡಿಸು. ಅವಳು ಹಾಗೆಯೇ ಮಾಡಿದಳು. ಕುಳ್ಳಿ ತನ್ನ ನಾದಿನಿಯ ಜಗಳದ ಕಥೆ ಹೇಳುತ್ತಿದ್ದಳು. ಇವಳು ಹೂಂಗುಟ್ಟುತ್ತಾ ಮೂಲೆ ಹಿಡಿದು ಸೂಜಿ ಚುಚ್ಚುತ್ತಿದ್ದಳು. ಬೇಡ ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಇಷ್ಟು ವರ್ಷದ ಅವಮಾನ ಕೈಗೆ ಕೆಲಸವಾಗಿ ಕೂತುಬಿಟ್ಟಿತ್ತು.

ತಪಾಸಣೆಗೆ ಬಂದವರಲ್ಲಿ ದೊಡ್ಡವರು ಒಬ್ಬ ಹೆಂಗಸು. ಊಟದ ಕೋಣೆ ನೋಡಿದರು. ಮೆಚ್ಚಿದರು. ಹಿಂದಿನ ಸಾಲಿಗೆ ಬಂದರು. ಹುಡುಗಿಯರು ತಮ್ಮ ತಮ್ಮ ಮಂಚದ ಪಕ್ಕ ನಿಂತಿದ್ದರು.

"ತಿಗಣೆ ಇದೆಯಾ?" ಎಂದು ನಗುತ್ತಾ ಮೇಡಂ ಒಂದು ಹಾಸಿಗೆಯ ಮೂಲೆ ಎತ್ತಿದರು. ಕೆಂಪು ದಾರ ಕಂಡಿತು. ಪಕ್ಕದ ಮಂಚದ್ದನ್ನೂ ಎತ್ತಿದರು. ಅಲ್ಲೂ ಕೆಂಪು. ಮುಂದಿನ ಸಾಲಿಗೆ ಹೋಗಿ ಕೆಲವು ಮೂಲೆ ಎತ್ತಿ ನೋಡಿ ವಾಪಸು ಬಂದರು. ಆಗ ನಗು ಇರಲಿಲ್ಲ.

"ಇದೇನು?"

"ಲೆಕ್ಕಕ್ಕೆ ಮೇಡಂ, ಒಗೆಯೋರು ಹಾಕ್ಕೋತಾರೆ" ಎಂದರು ವಾರ್ಡನ್ನಮ್ಮ.

"ಹಿಂದಿನ ಸಾಲಿನದ್ದಕ್ಕೆ ಮಾತ್ರ ಲೆಕ್ಕವಾ? ಒಗೆಯೋರನ್ನ ಕರೀರಿ."

ಇಸ್ತ್ರಿಯಕ್ಕ ಒದ್ದೆ ಕೈಯಲ್ಲೇ ಓಡಿ ಬಂದಳು. ಮಗಳ ಕೋಣೆಯ ಒಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಎತ್ತಿದ ಹಾಸಿಗೆಯ ಮೂಲೆ ಕಣ್ಣಿಗೆ ಬಿತ್ತು. ತಾನು ಏನು ಮಾಡಿಟ್ಟಿದ್ದೇನೆಂದು ಆಗ ತಿಳಿಯಿತು.

"ಯಾಕಮ್ಮ ಈ ದಾರ?"

"ಅವಳಿಗೇನೂ ತಿಳಿಯಲ್ಲ ಮೇಡಂ" ಎಂದರು ವಾರ್ಡನ್ನಮ್ಮ. "ಮೊದ್ದು. ಹೇಳಿದ್ದೊಂದು, ಮಾಡೋದೊಂದು."

ಮೇಡಂ ಮಂಚದ ಪಕ್ಕ ನಿಂತವಳ ಕಡೆ ತಿರುಗಿದರು. "ನೀನು ಹೇಳು ಮಗು. ಹೆದರಬೇಡ."

ಮಗಳು ತಾಯಿಯನ್ನು ನೋಡಿದಳು. ಆಮೇಲೆ ನೆಲ ನೋಡಿದಳು.

"ಗುರುತಿಗೆ ಮೇಡಂ. ಕಳೆದುಹೋಗಬಾರದು ಅಂತ. ನಮ್ಮನ್ನ ತುಂಬಾ ಚೆನ್ನಾಗಿ ನೋಡ್ಕೋತಾರೆ ಮೇಡಂ. ಏನೂ ತೊಂದರೆ ಇಲ್ಲ."

ಆ ದನಿ ಇಸ್ತ್ರಿಯಕ್ಕನಿಗೆ ಗೊತ್ತಿತ್ತು. ಅದು ಅವಳದೇ ದನಿ. ಸಂಬಳ ಮುರಿದುಕೊಂಡಾಗ "ಇರಲಿ ಬಿಡಿ ಅಮ್ಮಾ" ಎನ್ನುವ ದನಿ. ಬಾಯಾರಿ ನೀರು ಕೇಳಿದಾಗ ಲೋಟ ಕೊಡದೆ ಮೇಲಿನಿಂದ ಹೊಯ್ದವರಿಗೆ ಬೊಗಸೆ ಒಡ್ಡಿ "ಸಾಕಮ್ಮಾ" ಎನ್ನುವ ದನಿ. ಅವಳ ತಾಯಿಗೂ ಅದೇ ದನಿ ಇತ್ತು. ಮಗಳಿಗೆ ಅದು ಬರಬಾರದೆಂದೇ ಓದಿಸಿದ್ದು. ಈಗ ಮಗಳು ಬಿಳಿ ಸಮವಸ್ತ್ರ ತೊಟ್ಟು, ಕೂದಲು ಬಿಗಿದು ಕಟ್ಟಿ, ಅದೇ ದನಿಯಲ್ಲಿ ಮಾತಾಡುತ್ತಿದ್ದಳು. ಚೂರೂ ತಪ್ಪಿಲ್ಲದೆ. ಕಲಿಸಿದವಳು ಬೇರೆ ಯಾರೂ ಅಲ್ಲ.

"ಸುಳ್ಳು" ಎಂದಳು ಇಸ್ತ್ರಿಯಕ್ಕ.

ವಾರ್ಡನ್ನಮ್ಮ ಅವಳ ರಟ್ಟೆ ಹಿಡಿದರು. ಅವಳು ಬಿಡಿಸಿಕೊಂಡಳು. ಇಷ್ಟು ವರ್ಷದಲ್ಲಿ ಆಕೆ ಇವಳ ಮೈ ಮುಟ್ಟಿದ್ದು ಅದೊಂದೇ ಸಲ.

"ನನ್ನ ಮಗಳು ಸುಳ್ಳು ಹೇಳ್ತಿದ್ದಾಳೆ ಮೇಡಂ. ನಾನೇ ಹೇಳಿಕೊಟ್ಟಿದ್ದು. ಈ ದಾರ ಇರೋದನ್ನ ಕೊನೇಲಿ ಒಗೀಬೇಕು. ಮುಂದಿನ ಸಾಲಿನೋರ ಕೊಳೆ ಬಿಟ್ಟ ನೀರಲ್ಲಿ. ನಾನೇ ಒಗೀತೀನಿ. ಬನ್ನಿ, ನೀರು ತೋರಿಸ್ತೀನಿ."

ತೋರಿಸಿದಳು. ಮೇಡಂ ತೊಟ್ಟಿಯ ಹತ್ತಿರ ನಿಂತು ಮೂಗಿಗೆ ಕರವಸ್ತ್ರ ಹಿಡಿದರು.

"ಕೈ ಹಾಕಿ ನೋಡಿ" ಎಂದಳು ಇವಳು.

ಮೇಡಂ ಕೈ ಹಾಕಲಿಲ್ಲ. ಬರೆದುಕೊಂಡರು.

ಆದೇಶ ಬೇಗನೆ ಬಂತು. ಕಾಲೇಜು ಷರತ್ತು ಮುರಿದಿದೆ. ಮುಂದಿನ ವಿಚಾರಣೆಯವರೆಗೆ ಈ ಕಾಲೇಜಿಗೆ ಸಹಾಯಧನ ಇಲ್ಲ.

ಮುಂದಿನ ಸಾಲಿನಲ್ಲಿ ಪಾಠ ನಿಲ್ಲಲಿಲ್ಲ. ಮೆಷಿನ್ನು ನಿಲ್ಲಲಿಲ್ಲ. ಪ್ರಿನ್ಸಿಪಾಲರ ಕಾರು ಅದೇ ನೆರಳಿನಲ್ಲಿ ನಿಂತಿತ್ತು. ಹಿಂದಿನ ಸಾಲಿನ ಹುಡುಗಿಯರ ಪೆಟ್ಟಿಗೆಗಳು ಗೇಟಿನ ಹೊರಗೆ ಬಂದವು. "ನಾವು ಯಾರನ್ನೂ ಹೋಗಿ ಅನ್ನಲಿಲ್ಲ" ಎಂದರು ಪ್ರಿನ್ಸಿಪಾಲರು, ಅದೇ ಮೃದು ದನಿಯಲ್ಲಿ. "ಫೀಸು ಕಟ್ಟಿ, ಓದಿ. ಭೇದ ಮಾಡಬಾರದು ಅಂತ ಸರ್ಕಾರವೇ ಹೇಳಿದೆಯಲ್ಲ, ಎಲ್ಲರ ಹಾಗೇ ಕಟ್ಟಿ." ಷರತ್ತು ಕಾಲೇಜಿನ ಮೇಲೆ. ಬೀದಿಗೆ ಬಿದ್ದವರು ಹುಡುಗಿಯರು.

ಇಸ್ತ್ರಿಯಕ್ಕನ ಕೆಲಸ ಹೋದದ್ದನ್ನು ಯಾರೂ ಹೇಳಲೂ ಇಲ್ಲ. ಬೆಳಿಗ್ಗೆ ಹೋದಾಗ ಕಾವಲಿನವನು ಗೇಟು ತೆಗೆಯಲಿಲ್ಲ, ಅಷ್ಟೇ.

ಮಗಳು ಮನೆಗೆ ಬಂದವಳು ಪೆಟ್ಟಿಗೆ ಬಿಚ್ಚಲಿಲ್ಲ. ಆ ದಿನ ಒಂದೇ ಮಾತು ಆಡಿದಳು.

"ಹೊಸದಕ್ಕೂ ಹಾಕಿದ್ಯಲ್ಲಮ್ಮಾ. ಯಾರೂ ಹೇಳದೇ ಇದ್ರೂ ಹಾಕಿದ್ಯಲ್ಲ."

ಅಷ್ಟೇ. ಆಮೇಲೆ ಮಾತು ನಿಂತಿತು. ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಬೆಳಿಗ್ಗೆ ಹೋಗಿ ಮುದುಕಿಯನ್ನು ಮಗ್ಗುಲು ತಿರುಗಿಸಿ, ಹುಣ್ಣು ಒರೆಸಿ, ಹೊಲಸು ಬಳಿದು ಸಂಜೆ ಬರುತ್ತಿದ್ದಳು. ಆ ಮನೆಯವರು ಅವಳನ್ನು ಸಿಸ್ಟರ್ ಎನ್ನುತ್ತಿದ್ದರಂತೆ. ಮಗಳು ಪಕ್ಕದ ಮನೆಯವರಿಗೆ ಹೇಳುತ್ತಿದ್ದಾಗ ತಾಯಿ ಕೇಳಿಸಿಕೊಂಡಳು. ಆ ಹೆಸರಿಗೇ ಅಲ್ಲವೇ ಆಸೆಪಟ್ಟದ್ದು.

ಒಂದು ದಿನ ತರಕಾರಿ ಗಾಡಿಯವಳು ಬಂದಳು. ಅವಳ ಮಗಳೂ ಹಿಂದಿನ ಸಾಲಿನವಳೇ. ಗಾಡಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಬೀದಿಗೆಲ್ಲ ಕೇಳುವಂತೆ ಬೈದಳು.

"ನಿನ್ನ ಬಾಯಿ ಸೇದಿ ಹೋಗ! ನಿನ್ನ ಮಗಳ ಬಾಯಿಗೆ ಮಣ್ಣು ಹಾಕಿದ್ದಲ್ದೆ ನನ್ನ ಮಗಳ ಬಾಯಿಗೂ ಹಾಕಿದ್ಯಲ್ಲೇ! ನನ್ನ ಮಗಳು ಕೊಳಕು ನೀರಿನ ಚಾದರದ ಮೇಲೆ ಮಲಗ್ತಿದ್ಲು, ಹೌದು. ಮಲಗಿ ಎದ್ದು ಓದ್ತಿದ್ಲು! ಈಗ ನನ್ನ ಜೊತೆ ಸೊಪ್ಪು ಕಟ್ತಾಳೆ!"

ಇಸ್ತ್ರಿಯಕ್ಕ ತಲೆ ತಗ್ಗಿಸಿ ನಿಂತಳು. ಬೈಗುಳ ಮುಗಿಯಲಿ ಎಂದು ಕಾದಳು. ಅದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಬೈದು ಬೈದು ದಣಿದ ಗಾಡಿಯವಳು ಹೊಸ್ತಿಲ ಮೇಲೆ ಕುಸಿದು ನೀರು ಕೇಳಿದಳು. ಕುಡಿದಳು. ಆಮೇಲೆ ಅಂದಳು:

"ನಾಳೆ ನನ್ನ ಜೊತೆ ನಡಿ. ಆ ಸಹಾಯಧನದ ಆಫೀಸಿಗೆ ಹೋಗೋಣ. ಮಿಕ್ಕಿದ್ದು ವಾಪಸ್ ಬಂದಮೇಲೆ ಬೈತೀನಿ."

ಆಫೀಸಿನಲ್ಲಿ ಅಧಿಕಾರಿ ಕೂರಿಸಿ ಮಾತಾಡಿದ. ಕೆಟ್ಟವನಲ್ಲ.

"ನೋಡ್ರಮ್ಮ, ಈ ಷರತ್ತು ಇರೋದೇ ನಿಮ್ಮ ಒಳ್ಳೇದಕ್ಕೆ."

"ನಮ್ಮ ಒಳ್ಳೇದಕ್ಕೆ ಅಂತ ನಮ್ಮ ಮಕ್ಕಳನ್ನೇ ಹೊರಗೆ ಹಾಕಿದ್ರಾ ಸ್ವಾಮಿ?" ಎಂದಳು ಗಾಡಿಯವಳು.

"ನಾವು ಹಾಕ್ಲಿಲ್ಲ. ಕಾಲೇಜಿಗೆ ದುಡ್ಡು ನಿಲ್ಲಿಸಿದ್ವಿ ಅಷ್ಟೆ."

"ತಪ್ಪು ಅವರದ್ದು ಅಂತ ನೀವೇ ಬರೆದಿದ್ದೀರಿ" ಎಂದಳು ಇಸ್ತ್ರಿಯಕ್ಕ. "ಅವರಿಗೆ ಏನಾಯ್ತು?"

"ಸಹಾಯಧನ ನಿಂತಿತಲ್ಲಮ್ಮ."

"ಅದು ನಮಗೆ ನಿಂತಿದ್ದು. ಅವರಿಗೆ ಏನಾಯ್ತು?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

"ಬೇರೆ ಕಾಲೇಜಿಗಾದ್ರೂ ಸೇರಿಸಿ" ಎಂದಳು ಗಾಡಿಯವಳು.

"ಕೊನೇ ವರ್ಷದಲ್ಲಿ ಯಾರೂ ತಗೊಳ್ಳಲ್ಲ. ವಿಚಾರಣೆ ಆಗ್ಲಿ, ನೋಡೋಣ."

ವಿಚಾರಣೆ ಹತ್ತಿರ ಬಂದಾಗ ವಾರ್ಡನ್ನಮ್ಮ ಕೆಳಬೀದಿಗೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಹೇಳಿದರು.

"ಆಗಿದ್ದಾಯ್ತು. ಪ್ರಿನ್ಸಿಪಾಲರು ದೊಡ್ಡ ಮನಸ್ಸು ಮಾಡಿದ್ದಾರೆ. ವಿಚಾರಣೇಲಿ ಬಂದು ಹೇಳಿಬಿಡು, ಸಂಬಳದ ಸಿಟ್ಟಿಗೆ ಅಂದುಬಿಟ್ಟೆ, ದಾರ ನಾನೇ ನನ್ನ ಗುರುತಿಗೆ ಹಾಕಿದ್ದು ಅಂತ. ಸಹಾಯಧನ ವಾಪಸ್ ಬರುತ್ತೆ. ಎಲ್ಲಾ ಹುಡುಗಿಯರಿಗೂ. ನಿನ್ನ ಕೆಲಸವೂ ನಿಂಗೇ. ಸಂಜೆ ಮತ್ತೆ ಬರ್ತೀನಿ. ಯೋಚನೆ ಮಾಡು."

ಅಂದು ಮಗಳಿಗೆ ರಜೆ. ಒಳಗೆ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಾಯಿ ಬಂದು ಎದುರು ಕೂತಳು. ಯೋಚನೆ ಮಾಡಲು ಏನೂ ಇರಲಿಲ್ಲ.

"ಹೋಗಿ ಹೇಳಿಬಿಡ್ತೀನಿ ಪುಟ್ಟೀ. ನಂದೇ ತಪ್ಪು ಅಂತೀನಿ. ನನಗೇನು, ರೂಢಿ ಇದೆ."

ಮಗಳು ಎಷ್ಟೋ ದಿನಗಳ ಮೇಲೆ ತಾಯಿಯ ಮುಖವನ್ನು ನೇರ ನೋಡಿದಳು.

"ಅವತ್ತು ನಾನು ಎಲ್ಲ ಚೆನ್ನಾಗಿದೆ ಅಂದಾಗ ನಿಂಗೆ ಏನಾಯ್ತು?"

"ನಿನ್ನ ಬಾಯಲ್ಲಿ ನನ್ನ ದನಿ ಕೇಳಿಸ್ತು, ತಡ್ಕೊಳ್ಳೋಕಾಗ್ಲಿಲ್ಲ" ಎಂದಳು ತಾಯಿ.

"ನೀನು ಅಲ್ಲಿ ಹೋಗಿ ನಿಂತು ನಂದೇ ತಪ್ಪು ಅಂದಾಗ ನಂಗೆ ಏನಾಗುತ್ತೆ ಅಂದ್ಕೊಂಡಿದ್ದೀಯ?"

"ನಿನ್ನ ಓದು..."

"ನನ್ನ ಓದು ಅಂತ ನಂಗೆ ಗೊತ್ತಿಲ್ವಾ? ನಿನ್ನನ್ನ ಕೇಳಿದೋರು ಯಾರು ಅವತ್ತು ಬಾಯಿ ಬಿಡು ಅಂತ! ನುಂಗಿಕೊಂಡು ಹೇಳಿದ್ದೆ ನಾನು. ನಿನಗೋಸ್ಕರ ನುಂಗಿದ್ದೆ. ಅದನ್ನೂ ನೀನು ಉಳಿಸಲಿಲ್ಲ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ನೀನು ಹೋಗಬೇಡ."

"ಗಾಡಿಯವಳ ಮಗಳು? ಮಿಕ್ಕಿದೋರು?"

"ನಾನು ಹೋಗಿ ಅವರ ಹತ್ರ ಮಾತಾಡ್ತೀನಿ. ಬೈದ್ರೆ ಬೈಸ್ಕೋತೀನಿ. ಎಲ್ಲರೂ ವಿಚಾರಣೆಗೆ ಬಂದು ನಿಲ್ಲಲಿ, ಶಿಕ್ಷೆ ನಮಗ್ಯಾಕೆ ಅಂತ ಕೇಳಲಿ. ಬರ್ತಾರೋ ಇಲ್ವೋ. ಬರದೇ ಇದ್ರೆ ನಾವಿಬ್ಬರೇ."

ಸಂಜೆ ವಾರ್ಡನ್ನಮ್ಮ ಮತ್ತೆ ಬಂದರು. ಬಾಗಿಲು ತಟ್ಟಲಿಲ್ಲ, ಕೂಗಿದರು. ತಾಯಿ ಏಳುವ ಮೊದಲೇ ಮಗಳು ಎದ್ದು ಹೋಗಿ ಬಾಗಿಲಲ್ಲಿ ನಿಂತಳು.

"ಅಮ್ಮ ಬರಲ್ಲ."

"ನೀನ್ಯಾಕೆ ಮಧ್ಯೆ ಬರ್ತೀಯ? ನಿನ್ನ ಭವಿಷ್ಯ ಕಣೇ ಇದು. ಕೆಲವೇ ತಿಂಗಳು ಉಳಿದಿತ್ತು."

"ಗೊತ್ತು."

"ನಿನ್ನಂಥ ಹುಡುಗಿ, ರ‍್ಯಾಂಕ್ ಬರ್ತಿದ್ದೆ. ಇನ್ನೊಬ್ಬರ ಹೊಲಸು ಬಳೀತಾ ಕೂರ್ತೀಯಾ?"

"ಗೊತ್ತು ಮೇಡಂ. ಅಮ್ಮ ಬರಲ್ಲ."

ಬಾಗಿಲು ಹಾಕಿದಳು. ಚಿಲಕ ಹಾಕಿದಳು. ಬಾಗಿಲಿಗೆ ಬೆನ್ನು ಕೊಟ್ಟು ಹಾಗೆಯೇ ಜಾರಿ ನೆಲಕ್ಕೆ ಕೂತಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಳುವಿನ ಸದ್ದು ಹೊರಗೆ ಬರುತ್ತಿರಲಿಲ್ಲ.

ತಾಯಿ ಹೋಗಿ ಪಕ್ಕದಲ್ಲಿ ಕೂತಳು. ಮುಟ್ಟಬೇಕೆನ್ನಿಸಿತು. ಕೈ ಮುಂದೆ ಹೋಗಲಿಲ್ಲ. ಮುಟ್ಟುವ ಹಕ್ಕು ಇನ್ನೂ ತನಗೆ ಉಳಿದಿದೆಯೋ ಇಲ್ಲವೋ ತಿಳಿಯದೆ, ಒಂದು ಮೊಳ ದೂರ ಬಿಟ್ಟು ಸುಮ್ಮನೆ ಕೂತಳು.

ಹೊರಗೆ ವಾರ್ಡನ್ನಮ್ಮನ ಚಪ್ಪಲಿಯ ಸದ್ದು ಬೀದಿಯುದ್ದಕ್ಕೂ ಕೇಳಿಸುತ್ತಿತ್ತು. ತಿರುವಿನ ತನಕ ಕೇಳಿಸಿತು. ಅದು ಪೂರ್ತಿ ಅಡಗಿದ ಮೇಲೆ ಮಗಳು ಬಾಯಿಂದ ಕೈ ತೆಗೆದಳು.